ಕೋಟೆ ಚೌಕದಲ್ಲಿ ಹೆಂಗಸರ ಜಾಗ

ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ಕಚೇರಿಯ ಜವಾನನನ್ನು ಒಂದು ಮಾತು ಕೇಳಬೇಕಿತ್ತು. ಕೇಳುವ ಧೈರ್ಯ ಬರುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆಯಾಗಿತ್ತು.

“ಇಲ್ಲಿ ಹೆಂಗಸ್ರಿಗೆ ಹಿಂದ್ಗಡೆ ಏನಾದ್ರೂ ವ್ಯವಸ್ಥೆ ಇದೆಯಾ?”

ಆತ ಒಳ್ಳೆಯ ಮನುಷ್ಯ. ನನ್ನ ಮುಖ ನೋಡದೆ, ಗೋಡೆ ನೋಡುತ್ತ ಉತ್ತರ ಕೊಟ್ಟ. “ಇಲ್ಲ ಕಣಮ್ಮ. ಈ ಆಫೀಸಿಗೆ ಹೆಂಗಸ್ರು ಕೆಲ್ಸಕ್ಕೆ ಬಂದಿದ್ದೇ ಇಲ್ಲ. ನೀವೇ ಮೊದ್ಲು. ಅದಕ್ಕೇ ಯಾರೂ ಕಟ್ಸಿಲ್ಲ.”

ಗಂಡಸರಿಗೆ ಕಚೇರಿಯ ಹಿತ್ತಲಲ್ಲಿ ಒಂದು ಮೋಟುಗೋಡೆ ಇತ್ತು. ನನಗೆ ಏನೂ ಇರಲಿಲ್ಲ. ನಮ್ಮ ಮನೆ ಇದ್ದದ್ದು ಶಿವನಿಯಲ್ಲಿ. ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹತ್ತಿದರೆ ಮತ್ತೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಮಾರನೆಯ ದಿನದಿಂದ ನಾನು ಬೆಳಗಿನ ಕಾಫಿ ಬಿಟ್ಟೆ. ಮಧ್ಯಾಹ್ನದ ಬುತ್ತಿಗೆ ಮಜ್ಜಿಗೆ ಹಾಕಬೇಡವೆಂದು ಅಮ್ಮನಿಗೆ ಹೇಳಿದೆ. ಅಮ್ಮ ಕಾರಣ ಕೇಳಲಿಲ್ಲ. ಯಾಕೆ ಕೇಳಲಿಲ್ಲವೆಂದು ನನಗೆ ಆಮೇಲೆ ಗೊತ್ತಾಯಿತು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಊರಿನ ಹೆಸರು ಬರೆಯುವುದಿಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಸುತ್ತ ಓಡಾಡಿದವರಲ್ಲಿ ಕೆಲವರು ಊಹಿಸಿಯಾರು. ಊಹಿಸಲಾಗದವರು ಇದು ತಮ್ಮೂರಿನ ಕತೆಯೇ ಎಂದುಕೊಂಡರೂ ನನ್ನ ತಕರಾರಿಲ್ಲ. ನನಗಾಗ ಇಪ್ಪತ್ತೆರಡು ವರ್ಷ. ಚಿಕ್ಕಮಗಳೂರಿನಲ್ಲಿ ನಕ್ಷೆ ಬರೆಯುವ ತರಬೇತಿ ಮುಗಿಸಿ, ಊರಿನ ಕಚೇರಿಯೊಂದರಲ್ಲಿ ಟ್ರೇಸರ್ ಆಗಿ ಸೇರಿದ್ದೆ. ಎಂಜಿನಿಯರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳು ಕಾಗದ ಹಾಸಿ ಕಪ್ಪು ಶಾಯಿಯಲ್ಲಿ ತಿದ್ದುವುದು ನನ್ನ ಕೆಲಸ. ಗೆರೆ ತಪ್ಪಿದರೆ ಅರ್ಧ ಬ್ಲೇಡಿನಿಂದ ಶಾಯಿಯನ್ನು ಮೆಲ್ಲಗೆ ಕೆರೆದು, ರಬ್ಬರಿನಿಂದ ಉಜ್ಜಿ, ಕಾಗದ ತೂತಾಗದಂತೆ ನಯ ಮಾಡಬೇಕು. ಈ ಕೆರೆಯುವ ಕೆಲಸದಲ್ಲಿ ನನ್ನ ಕೈ ಬಹಳ ಚೆನ್ನಾಗಿದೆ ಎಂದು ಎಲ್ಲರೂ ಹೊಗಳುತ್ತಿದ್ದರು.

ಕಚೇರಿ ಇದ್ದದ್ದು ಕೋಟೆ ಚೌಕದ ಅಂಚಿನಲ್ಲಿ. ಕೋಟೆ ಎಂದರೆ ಉಳಿದಿದ್ದದ್ದು ಒಂದು ಕಲ್ಲಿನ ಹೆಬ್ಬಾಗಿಲು, ಅದರ ಎರಡು ಬದಿಗೆ ಮೂರಾಳೆತ್ತರದ ಗೋಡೆಯ ಚೂರುಗಳು, ಅಷ್ಟೆ. ಬಾಗಿಲ ಮುಂದಿನ ಬಯಲೇ ಚೌಕ. ಅಲ್ಲೊಂದು ಅರಳಿಕಟ್ಟೆ, ಒಂದು ಸೇದುವ ಬಾವಿ, ನಾಲ್ಕು ಕಂಬದ ಮಂಟಪ, ಒಂದೇ ಕಲ್ಲಿನಲ್ಲಿ ಕಡೆದ ದನಗಳ ನೀರಿನ ಬಾನಿ. ಸಂತೆಗೆ ಬಂದ ಗಾಡಿಯವರು ಎತ್ತು ಬಿಚ್ಚಿ ಆ ಬಾನಿಗೆ ಬಿಡುತ್ತಿದ್ದರು. ಕಟ್ಟೆಯ ಮೇಲೆ, ಮಂಟಪದ ನೆರಳಲ್ಲಿ ಸೊಪ್ಪು, ಹೂವು, ಬೆಣ್ಣೆ, ಮಡಕೆ ಮಾರುವ ಹೆಂಗಸರು ಕೂರುತ್ತಿದ್ದರು. ಎಷ್ಟು ತಲೆಮಾರಿನಿಂದ ಎಂದು ಅವರಿಗೂ ಗೊತ್ತಿರಲಿಲ್ಲ.

ಅವರಲ್ಲಿ ಬೆಣ್ಣೆ ಮಾರುವವಳೊಬ್ಬಳು ನನಗೆ ಹತ್ತಿರವಾದಳು. ಎಮ್ಮೆದೊಡ್ಡಿ ಕಾವಲಿನ ಕಡೆಯ ಹುಟ್ಟು, ಮದುವೆಯಾಗಿ ಈ ಊರಿನ ಪಕ್ಕದ ಹಳ್ಳಿಗೆ ಬಂದವಳು. ತಣ್ಣೀರು ತುಂಬಿದ ಮಡಕೆಯಲ್ಲಿ ಬೆಣ್ಣೆಯುಂಡೆ ತೇಲಿಬಿಟ್ಟು, ಮುತ್ತುಗದೆಲೆ ಪಕ್ಕದಲ್ಲಿಟ್ಟುಕೊಂಡು, ಯಾರ ಮೇಲಾದರೂ ರೇಗುತ್ತಲೇ ಕೂತಿರುತ್ತಿದ್ದಳು. ನಾನು ಅವಳನ್ನು ಬೆಣ್ಣೆಕ್ಕ ಎನ್ನುತ್ತಿದ್ದೆ. ಒಂದು ದಿನ ಬಿಸಿಲಿಗೆ ನಾಲಗೆ ಒಣಗಿ ನಾನು ಕಟ್ಟೆಯ ಮೇಲೆ ಕುಸಿದು ಕೂತಾಗ ಅವಳು ಕಣ್ಣು ಕಿರಿದು ಮಾಡಿ ನೋಡಿದಳು.

“ನೀನೂ ನೀರು ಕುಡಿಯಲ್ವಾ?” ಎಂದಳು.

‘ನೀನೂ’ ಎಂದದ್ದು ನನಗೆ ತಟ್ಟಿತು. “ಮತ್ತೆ ನೀವೆಲ್ಲ ಏನ್ ಮಾಡ್ತೀರಿ?” ಎಂದೆ.

“ಮುಂಚೆ ಕೋಟೆ ಹಿಂದ್ಗಡೆ ಲಂಟಾನ ಪೊದೆ ಇತ್ತು ಕಣವ್ವ, ಬಿದ್ದ ಗೋಡೆ ಇತ್ತು. ಇಬ್ರಿಬ್ರು ಹೋಗ್ತಿದ್ವಿ, ಒಬ್ಳು ಕಾಯೋಳು. ಅಲ್ಲೀಗ ಅಕ್ಕಿ ಗಿರಣಿ ಬಂತಲ್ಲ, ಎಲ್ಲಾ ಬಯಲು ಮಾಡ್ಬಿಟ್ರು. ಈಗೇನು? ಬೆಳಕರಿಯೋ ಮುಂಚೆ ಹಳ್ಳಿ ಬಿಡೋ ಮೊದ್ಲು ಒಂದ್ಸಲ. ಮತ್ತೆ ಹೊತ್ತು ಮುಳುಗಿದ್ಮೇಲೆ. ನಡುವೆ ಬಾಯಿ ಕಟ್ಕಂಡಿರಾದು. ಹೊಟ್ಟೆ ಕೆಳ್ಗೆ ಉರಿ ಹತ್ಕತದೆ. ಹತ್ಕಂಡ್ರೆ ಹತ್ಕಳ್ಳಿ.”

ಎದುರಿನ ಬಾವಿಯಲ್ಲಿ ನೀರು ತುಂಬಿತ್ತು. ಅದರ ಪಕ್ಕದಲ್ಲೇ ಕೂತು ಈ ಹೆಂಗಸರು ದಿನವಿಡೀ ಬಾಯಾರಿಕೆ ಸಹಿಸುತ್ತಿದ್ದರು. ಎತ್ತಿಗೆ ಬಾನಿ ಇತ್ತು. ಗಂಡಸರಿಗೆ ಊರ ಗೋಡೆಗಳೆಲ್ಲ ಇದ್ದವು.

ಮುಂದಿನ ವರ್ಷ ಚೌಕವನ್ನು ಸುಧಾರಿಸುವ ಯೋಜನೆ ಬಂತು. ಊರಿನ ದೊಡ್ಡವರದೊಂದು ಸಮಿತಿಯಾಯಿತು. ಅಧ್ಯಕ್ಷರು ಬಟ್ಟೆ ವ್ಯಾಪಾರದವರು. ಬಿಳಿ ಜುಬ್ಬ, ಚಿನ್ನದ ಕಟ್ಟಿನ ಕನ್ನಡಕ, ಯಾರನ್ನೂ ಏಕವಚನದಲ್ಲಿ ಕರೆಯದ ಮೃದು ಮಾತು. ನಮ್ಮ ಎಂಜಿನಿಯರು ಹೊರಗಿನಿಂದ ವರ್ಗವಾಗಿ ಬಂದಿದ್ದರು. ಓದಿಕೊಂಡವರು. ಚೌಕವನ್ನು ಅಳೆಯುವಾಗ ಸರಪಳಿ ಹಿಡಿಯುವವನ ಜೊತೆಗೆ ನನ್ನನ್ನೂ ಕರೆದೊಯ್ದರು. ನಾನು ಪುಸ್ತಕದಲ್ಲಿ ಒಂದೊಂದನ್ನೂ ಗುರುತು ಹಾಕಿದೆ: ಕಟ್ಟೆ, ಬಾವಿ, ಮಂಟಪ, ಬಾನಿ. ಹೆಂಗಸರು ಕೂರುವ ಜಾಗಗಳನ್ನೂ ಸಣ್ಣ ಚುಕ್ಕಿಗಳಾಗಿ ಹಾಕಿದೆ.

ಎಂಜಿನಿಯರು ನಕ್ಕರು. “ಅವರು ಸ್ಟ್ರಕ್ಚರ್ ಅಲ್ಲ ಕಣಮ್ಮ. ಅವರನ್ನ ಯಾಕೆ ಹಾಕ್ತೀಯ?”

ಹದಿನೈದು ದಿನದಲ್ಲಿ ಅವರ ಪೆನ್ಸಿಲ್ ನಕ್ಷೆ ನನ್ನ ಮೇಜಿಗೆ ಬಂತು. ಚೌಕದ ನಡುವೆ ದುಂಡನೆಯ ಕಾರಂಜಿ. ಅದರ ಸುತ್ತ ಹುಲ್ಲುಹಾಸು, ಹುಲ್ಲಿನ ಸುತ್ತ ಕಬ್ಬಿಣದ ಸರಳು. ದೀಪದ ಕಂಬಗಳು. ಮುಂದೆಂದಾದರೂ ಯಾರದಾದರೂ ಪ್ರತಿಮೆ ಇಡಬಹುದೆಂದು ಒಂದು ಖಾಲಿ ಪೀಠ. ಕಲ್ಲುಬಾನಿ ತೆಗೆಯುವುದು. ವ್ಯಾಪಾರದ ಹೆಂಗಸರು ರೈಲ್ವೆ ಗೇಟಿನ ಆಚೆಗೆ. ಹೋಟೆಲಿನ ಪಕ್ಕದ ಮೂಲೆಯಲ್ಲಿ ಒಂದು ಸಣ್ಣ ಆಯತ. ಅದರ ಮೇಲೆ ‘ಗಂಡಸರ ಮೂತ್ರಾಲಯ’ ಎಂದು ಅಚ್ಚುಕಟ್ಟಾದ ಅಕ್ಷರ.

ಖಾಲಿ ಪೀಠಕ್ಕೂ ಜಾಗವಿತ್ತು. ಇನ್ನೂ ಯಾರೆಂದೇ ಗೊತ್ತಿಲ್ಲದ ಒಬ್ಬ ದೊಡ್ಡಮನುಷ್ಯನ ಕಲ್ಲಿನ ಮೂರ್ತಿಗಾಗಿ ಊರು ಜಾಗ ಕಾದಿರಿಸಿತ್ತು. ದಿನಾ ಬಂದು ಕೂರುವ ಜೀವಂತ ಹೆಂಗಸರಿಗಾಗಿ ಕಾದಿರಿಸಿರಲಿಲ್ಲ.

ಶಾಯಿ ಹಾಕುತ್ತ ಹಾಕುತ್ತ, ಗಂಡಸರ ಆಯತದ ಪಕ್ಕಕ್ಕೆ ಬಂದಾಗ ನನ್ನ ಕೈ ನಿಲ್ಲಲಿಲ್ಲ. ಇನ್ನೊಂದು ಆಯತ ಬರೆದೆ. ‘ಹೆಂಗಸರಿಗೆ’ ಎಂದಷ್ಟೇ ಬರೆದೆ. ಪೂರ್ತಿ ಪದ ಬರೆಯಲು ನನಗೂ ನಾಚಿಕೆಯಾಗಿತ್ತೆಂದು ಒಪ್ಪಿಕೊಳ್ಳಬೇಕು.

ಎಂಜಿನಿಯರು ನಕ್ಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬೆರಳು ಅಲ್ಲೇ ಬಂದು ನಿಂತಿತು.

“ಇದೇನಿದು?”

“ಸಾರ್, ಅದು ಬೇಕು ಸಾರ್. ದಿನಾ ಅಲ್ಲಿ ಅಷ್ಟು ಜನ ಹೆಂಗಸ್ರು—”

“ಚೌಕದಲ್ಲಾ? ಕೋಟೆ ಬಾಗಿಲ ಎದುರಿಗಾ?” ಅವರಿಗೆ ನಿಜವಾಗಿಯೂ ಮುಜುಗರವಾಗಿತ್ತು. “ಅದನ್ನೆಲ್ಲ ಅಲ್ಲಿ ತೋರಿಸಕ್ಕಾಗಲ್ಲಮ್ಮ. ನೋಡಿದೋರು ಏನಂತಾರೆ? ಕೆರೆದು ಹಾಕು.”

ಗಂಡಸರದನ್ನು ತೋರಿಸಬಹುದು, ಹೆಂಗಸರದನ್ನು ತೋರಿಸಬಾರದು ಎಂಬ ಈ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆದರೆ ಆ ದಿನ ನಾನು ಎದುರು ಮಾತಾಡಲಿಲ್ಲ. ಬ್ಲೇಡು ತೆಗೆದುಕೊಂಡೆ. ಕೆರೆದೆ. ರಬ್ಬರಿನಿಂದ ಉಜ್ಜಿದೆ. ಎಷ್ಟು ಚೆನ್ನಾಗಿ ಕೆರೆದೆನೆಂದರೆ, ಅಲ್ಲಿ ಏನೋ ಇತ್ತೆಂಬ ಗುರುತೇ ಉಳಿಯಲಿಲ್ಲ. ಎಂಜಿನಿಯರು “ವೆರಿಗುಡ್” ಎಂದರು. ಅವರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ನನಗೆ ನನ್ನ ಕೈಮೇಲೆ ಬಂತು.

ಕೆಲವು ದಿನಗಳ ಮೇಲೆ ಚೌಕದ ಪಕ್ಕದ ಛತ್ರದಲ್ಲಿ ಸಾರ್ವಜನಿಕ ಸಭೆ ಕರೆದರು. ಊರಿನವರ ಅಭಿಪ್ರಾಯ ಕೇಳುವುದಕ್ಕೆ. ಊರಿನವರೆಂದರೆ ಅಂಗಡಿಯವರು, ಹೋಟೆಲಿನವರು, ಮಠದ ಕಡೆಯ ಹಿರಿಯರು, ವಕೀಲರು. ಅರವತ್ತು ಎಪ್ಪತ್ತು ಗಂಡಸರು. ಹೆಂಗಸೆಂದರೆ ನಾನೊಬ್ಬಳೇ. ಅದೂ ನಕ್ಷೆಯ ಒಂದು ತುದಿ ಹಿಡಿದುಕೊಂಡು ನಿಲ್ಲಲು. ಇನ್ನೊಂದು ತುದಿ ಜವಾನ ಹಿಡಿದಿದ್ದ.

ಸೈಕಲ್ ಅಂಗಡಿಯವರು ನಿಲುಗಡೆಗೆ ಜಾಗ ಕೇಳಿದರು. ಹೋಟೆಲಿನವರು ತಮ್ಮ ಬೋರ್ಡಿಗೆ ಕಂಬ ಅಡ್ಡ ಬರಬಾರದೆಂದರು. ಕಾರಂಜಿಯ ನೀರು ಎಷ್ಟು ಬಣ್ಣದ್ದಿರಬೇಕೆಂಬುದರ ಮೇಲೆ ಅರ್ಧ ಗಂಟೆ ಚರ್ಚೆಯಾಯಿತು. ಕೊನೆಗೆ ಅಧ್ಯಕ್ಷರು, “ಇನ್ಯಾರಾದ್ರೂ ಹೇಳೋದಿದ್ರೆ ಹೇಳ್ಬೋದು, ಇದು ಎಲ್ಲರ ಚೌಕ” ಎಂದರು.

ಎಲ್ಲರ ಚೌಕ ಎಂಬ ಮಾತು ಕೇಳಿದ್ದೇ ನನ್ನ ಬಾಯಿ ತೆರೆಯಿತು. “ಹೆಂಗಸರಿಗೆ ಮೂತ್ರಾಲಯ ಇಲ್ಲ ಸಾರ್. ನಕ್ಷೆಯಲ್ಲಿ ಅದನ್ನೂ ಸೇರಿಸಬೇಕು. ಮತ್ತೆ ಅಲ್ಲಿ ಕೂರೋ ಹೆಂಗಸರನ್ನ ಗೇಟಿನಾಚೆ ಕಳಿಸಬಾರದು.”

ನಕ್ಷೆಯ ಆ ತುದಿ ಹಿಡಿದಿದ್ದ ಜವಾನ ತಲೆ ತಗ್ಗಿಸಿದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

“ಇಲ್ಲಿ ಹಿರಿಯರಿದ್ದಾರಮ್ಮ,” ಎಂದರು ಅಧ್ಯಕ್ಷರು ಅದೇ ಮೃದು ದನಿಯಲ್ಲಿ. “ಮನೆತನಸ್ಥರ ಮಗಳು ನೀವು. ಈ ಮಾತು ನಿಮ್ಮ ಬಾಯಲ್ಲಿ ಬರಬಾರ್ದಿತ್ತು.”

“ಹೆಂಗಸ್ರು ಮನೇಲೇ ಮುಗಿಸ್ಕಂಡು ಬರ್ಬೇಕಪ್ಪ!” ಎಂದು ಹಿಂದಿನಿಂದ ಒಬ್ಬರು ಕೂಗಿದರು. ಛತ್ರವೆಲ್ಲ ನಕ್ಕಿತು.

“ಹಂಗಾದ್ರೆ ನೀವೂ ಮನೇಲೇ ಮುಗಿಸ್ಕಂಡು ಬನ್ನಿ,” ಎಂದೆ. “ನಿಮಗ್ಯಾಕೆ ಇಲ್ಲಿ ಕಟ್ಟಿಸ್ತಿರೋದು?”

ಆಗ ಯಾರೂ ನಗಲಿಲ್ಲ. ಸಭೆ ಬೇಗ ಮುಗಿಯಿತು.

ನನಗಿಂತ ಮುಂಚೆ ಸುದ್ದಿ ರೈಲು ಹತ್ತಿ ಶಿವನಿ ಮುಟ್ಟಿತ್ತು. ಅಪ್ಪನದು ಈರುಳ್ಳಿ ಮಂಡಿ. ಅವರಿಗೆ ಆ ಛತ್ರದಲ್ಲಿದ್ದ ಅರ್ಧಕ್ಕರ್ಧ ಜನ ಪರಿಚಯ. ಮನೆಯೊಳಗೆ ಕಾಲಿಟ್ಟಾಗ ಅವರು ಜಗಲಿಯ ಮೇಲೆ ಕೂತಿದ್ದರು. “ನಾಳೆಯಿಂದ ಹೋಗೋದು ಬೇಡ” ಎಂದಷ್ಟೇ ಅಂದರು. ನಾನು ಅಳುತ್ತ ಒಳಗೆ ಹೋದೆ.

ಅಮ್ಮ ಒಲೆಯ ಮುಂದಿದ್ದಳು. ರೊಟ್ಟಿ ತಟ್ಟುತ್ತಲೇ ಮಾತು ಶುರು ಮಾಡಿದಳು. ಜಗಲಿಗೂ ಕೇಳಲೆಂದೇ ದನಿ ಏರಿಸಿದ್ದಳು.

“ನಂಗೆ ಮದ್ವೆ ಆಗಿ ಆರು ತಿಂಗ್ಳಾಗಿತ್ತು. ನಿಮ್ಮಪ್ಪನ ಮನೆಯೋರೆಲ್ಲ ಬಸ್ಸು ಮಾಡ್ಕಂಡು ಕೆಮ್ಮಣ್ಣುಗುಂಡಿಗೆ ಹೊರಟ್ರು. ದಾರೀಲಿ ಮೂರ್ಸಲ ಬಸ್ ನಿಲ್ಸಿದ್ರು. ಮೂರ್ಸಲಾನೂ ಗಂಡಸ್ರು ಇಳುದ್ರು. ಹೆಂಗಸ್ರು ಕೂತಿದ್ವಿ. ನಾನು ಹೊಸಬಳು, ಯಾರನ್ನ ಕೇಳ್ಲಿ? ಬೆಟ್ಟದ ತಿರುವಲ್ಲಿ ಬಸ್ ಕುಲುಕ್ತಾ ಕುಲುಕ್ತಾ ನನ್ ಕೈಲಿ ಆಗ್ಲಿಲ್ಲ. ಸೀರೆ ಒದ್ದೆಯಾಯ್ತು. ನಿಮ್ಮಜ್ಜಿ ಅದನ್ನ ನೋಡಿ ಎಲ್ಲರ ಮುಂದೆ ನಕ್ಬಿಟ್ರು. ನಾನು ಆ ಬೆಟ್ಟದ ಮೇಲೆ ಏನು ನೋಡಿದ್ನೋ ಒಂದೂ ನೆನಪಿಲ್ಲ. ಇವತ್ತಿನವರ್ಗೂ ಯಾರ್ಗೂ ಹೇಳಿರ್ಲಿಲ್ಲ. ಇವ್ಳು ಹೇಳಿದ್ದು ತಪ್ಪು ಅಂತ ಈ ಮನೇಲಿ ಯಾರೂ ಅನ್ನಂಗಿಲ್ಲ.”

ಬೆಳಿಗ್ಗೆ ನಾನು ಹೊರಟಾಗ ಅಪ್ಪ ಚಪ್ಪಲಿ ಮೆಟ್ಟಿಕೊಂಡು ನನ್ನ ಜೊತೆ ಸ್ಟೇಷನ್ನಿನವರೆಗೂ ನಡೆದರು. ಗಾಡಿ ಬಂದಾಗ, “ಬುತ್ತಿ ಮರ್ತಿಲ್ಲ ತಾನೆ?” ಎಂದು ಕೇಳಿದರು. ಅಷ್ಟು ಸಾಕಾಯಿತು.

ಕಚೇರಿಯಲ್ಲಿ ನನ್ನ ಮೇಜಿನ ಮೇಲೆ ಒಂದು ಕಾಗದವಿತ್ತು. ‘ಸಾರ್ವಜನಿಕ ಸಭೆಯಲ್ಲಿ ಅನುಚಿತ ವಿಷಯ ಪ್ರಸ್ತಾಪಿಸಿದ ಬಗ್ಗೆ’ ವಿವರಣೆ ಕೇಳಿದ್ದರು. ನಕ್ಷೆಯಲ್ಲಿ ಬಿಟ್ಟುಹೋಗಿದ್ದ ಒಂದು ಕಟ್ಟಡದ ಬಗ್ಗೆ ಕೇಳಿದೆನೆಂದು ಬರೆದುಕೊಟ್ಟೆ. ಎಂಜಿನಿಯರು ಓದಿ ಫೈಲಿನಲ್ಲಿಟ್ಟರು. ನನ್ನ ಹಂಗಾಮಿ ಕೆಲಸ ಕಾಯಂ ಆಗುವುದು ಅಲ್ಲಿಂದ ಮೂರು ವರ್ಷ ನಿಂತಿತು.

ಚೌಕದ ಕೆಲಸ ನಕ್ಷೆಯಲ್ಲಿದ್ದಂತೆಯೇ ನಡೆಯಿತು. ಕಲ್ಲುಬಾನಿಯನ್ನು ಹಾರೆ ಹಾಕಿ ಎಬ್ಬಿಸುವಾಗ ಅದು ಎರಡು ಹೋಳಾಯಿತು. ಹೋಳುಗಳನ್ನು ಮಂಟಪದ ಹಿಂದೆ ಬಿಸಾಕಿದರು. ಹುಲ್ಲು ಹಾಸಿ, ಅದಕ್ಕೆ ನೀರು ಹಾಯಿಸಲು ಬಾವಿಗೆ ಮೋಟಾರು ಕೂರಿಸಿದರು. ಆ ಬೇಸಿಗೆಯಲ್ಲಿ ಸುತ್ತಲಿನ ಬೀದಿಯವರು ಬಾವಿಯ ಹಗ್ಗಕ್ಕೆ ಗಂಟು ಹಾಕಿ ಉದ್ದ ಮಾಡಿಕೊಳ್ಳಬೇಕಾಯಿತು. ಯಾರೂ ಕಾಲಿಡಬಾರದ ಹುಲ್ಲು ಸರಳುಗಳೊಳಗೆ ಹಸಿರಾಗಿತ್ತು. ಗಾಡಿ ಎತ್ತುಗಳು ಸರಳಿನಾಚೆ ನಿಂತು ಅದನ್ನು ನೋಡುತ್ತಿದ್ದವು. ಇದನ್ನು ಸುಧಾರಣೆ ಎಂದು ಕರೆದರು.

ಹೆಂಗಸರನ್ನು ರೈಲ್ವೆ ಗೇಟಿನಾಚೆಗೆ ಅಟ್ಟಿದರು. ಅಲ್ಲಿ ಮರವಿರಲಿಲ್ಲ. ಬೆಣ್ಣೆ ಮಧ್ಯಾಹ್ನದೊಳಗೆ ಕರಗುತ್ತಿತ್ತು. ಅಲ್ಲಿಗೆ ಹೋದ ಎರಡನೆಯ ತಿಂಗಳಲ್ಲಿ ಬೆಣ್ಣೆಕ್ಕ ಮಡಕೆಯ ಮೇಲೆಯೇ ಮುಗ್ಗರಿಸಿ ಬಿದ್ದಳು. ಹೂವಿನವಳು ಓಡಿಬಂದು ನನಗೆ ಹೇಳಿದಳು. ನಾನು ಆಸ್ಪತ್ರೆಗೆ ಹೋದಾಗ ಅವಳು ಚಳಿಜ್ವರದಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದಳು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಮೂತ್ರದ ಸೋಂಕು ಬಹಳ ದಿನದಿಂದ ಇದ್ದಂತಿದೆ, ಮೂತ್ರಪಿಂಡಕ್ಕೂ ಏರಿದೆ ಎಂದರು. “ಇವರು ನೀರೇ ಕುಡಿಯಲ್ವಾ?” ಎಂದು ಕೇಳಿದರು.

ನಾನು ಮಂಚದ ಪಕ್ಕ ಕೂತಾಗ ಅವಳು ಕಣ್ಣು ಬಿಟ್ಟಳು. “ದಿನಾ ಒಂದು ಕೊಡ ನೀರು ಕುಡೀಬೇಕಂತೆ ಕಣವ್ವ. ಡಾಕ್ಟ್ರು ಹೇಳವ್ರೆ. ಕುಡುದು ಎಲ್ಲಿಗೆ ಹೋಗ್ಲಿ ಅಂತ ಕೇಳ್ದೆ. ಅದು ಅವ್ರ ಡಿಪಾರ್ಟ್‌ಮೆಂಟ್ ಅಲ್ವಂತೆ.” ಹೇಳಿ ನಗಲು ಹೋಗಿ ಕೆಮ್ಮಿದಳು.

ಚೌಕದ ಉದ್ಘಾಟನೆಗೆ ದೊಡ್ಡವರು ಬಂದರು. ಅವರ ಜೊತೆಗೆ ಒಬ್ಬ ಮಹಿಳಾ ಅಧಿಕಾರಿ. ಐವತ್ತರ ಆಸುಪಾಸು, ರೇಷ್ಮೆ ಅಂಚಿನ ಸೀರೆ, ಕೈಯಲ್ಲಿ ಫೈಲು. ಬೆಳಿಗ್ಗೆಯಿಂದ ಜೀಪಿನಲ್ಲಿ ಮೂರು ಊರು ಸುತ್ತಿ ಬಂದಿದ್ದರಂತೆ. ಶಾಮಿಯಾನದ ಹಿಂದೆ ನಾನು ಹಾರಗಳ ತಟ್ಟೆ ಹಿಡಿದು ನಿಂತಿದ್ದೆ. ಅವರು ಎಂಜಿನಿಯರರ ಕಿವಿಯ ಹತ್ತಿರ ಏನೋ ಕೇಳಿದರು. ಎಂಜಿನಿಯರರ ಮುಖ ಬಿಳಿಚಿತು. ಅವರು ಅಧ್ಯಕ್ಷರ ಬಳಿ ಹೋದರು. ಅಧ್ಯಕ್ಷರು ಅತ್ತಿತ್ತ ನೋಡಿದರು. ಕೊನೆಗೆ ಎಂಜಿನಿಯರು ನನ್ನ ಬಳಿ ಬಂದು ತಗ್ಗಿದ ದನಿಯಲ್ಲಿ, “ಮೇಡಮ್ಮೋರನ್ನ ಕರ್ಕಂಡೋಗಮ್ಮ, ಎಲ್ಲಿಗಾದ್ರೂ, ಬೇಗ” ಎಂದರು.

ಎಲ್ಲಿಗಾದರೂ! ನನಗೆ ಆ ಕ್ಷಣಕ್ಕೆ ಕೈಲಿದ್ದ ತಟ್ಟೆಯನ್ನು ನೆಲಕ್ಕೆ ಒಗೆಯುವಷ್ಟು ಕೋಪ ಬಂತು.

ಅಧ್ಯಕ್ಷರ ಮನೆ ಎರಡು ಬೀದಿ ಆಚೆ. ನಾನು ಆ ಅಧಿಕಾರಿಯನ್ನು ಅಲ್ಲಿಗೆ ನಡೆಸಿಕೊಂಡು ಹೋದೆ. ಅರ್ಧ ದಾರಿಯಲ್ಲಿ ಅವರು ನಿಂತು ಹಲ್ಲು ಕಚ್ಚಿ ಉಸಿರೆಳೆದುಕೊಂಡರು. “ಅಲ್ಲೇ ಚೌಕದಲ್ಲಿ ಇಲ್ವೇನಮ್ಮ?” ಎಂದರು.

“ಗಂಡಸರಿಗಿದೆ ಮೇಡಂ. ನಮಗಿಲ್ಲ.”

“ಮತ್ತೆ ನೀವು ಏನ್ಮಾಡ್ತೀರಿ?”

“ನೀರು ಕುಡಿಯಲ್ಲ.” ಬೆಣ್ಣೆಕ್ಕ ಆಸ್ಪತ್ರೆ ಸೇರಿದ್ದನ್ನೂ, ಸಭೆಯಲ್ಲಿ ನಡೆದದ್ದನ್ನೂ ನಡೆಯುತ್ತಲೇ ಹೇಳಿಬಿಟ್ಟೆ.

ವಾಪಸು ಬಂದು ವೇದಿಕೆ ಹತ್ತಿ ಅವರು ಹತ್ತು ನಿಮಿಷ ಭಾಷಣ ಮಾಡಿದರು. ಕೋಟೆಯ ಇತಿಹಾಸ, ಕಾರಂಜಿಯ ಸೊಬಗು, ಸಮಿತಿಯ ಶ್ರಮ. ನಾನು ಕಾದೆ. ಆ ಒಂದು ಪದ ಅವರ ಬಾಯಲ್ಲಿ ಬರಲಿಲ್ಲ. ಅಷ್ಟು ದೊಡ್ಡ ಹುದ್ದೆಯಲ್ಲಿದ್ದ ಹೆಂಗಸಿಗೂ ಅಷ್ಟು ಗಂಡಸರ ಮುಂದೆ ಅದನ್ನು ಹೇಳಲಾಗಲಿಲ್ಲ. ಆದರೆ ಮೂರನೆಯ ವಾರ ಅವರ ಕಚೇರಿಯಿಂದ ಒಂದು ಪತ್ರ ಬಂತು: ಚೌಕದಲ್ಲಿ ಮಹಿಳೆಯರಿಗೆ ಶೌಚಾಲಯವನ್ನು ಕೂಡಲೇ ಕಟ್ಟಬೇಕು.

ಕಚೇರಿಯಲ್ಲಿ ಎಲ್ಲರೂ ನನ್ನನ್ನು ನೋಡಿ, “ನೀವು ಗೆದ್ರಿ ಬಿಡಿ” ಎಂದರು. ಗೆದ್ದ ಖುಷಿ ನನಗೆ ಒಂದಿಷ್ಟೂ ಆಗಲಿಲ್ಲ. ವರ್ಷಗಟ್ಟಲೆ ನೂರಾರು ಹೆಂಗಸರು ಬಾಯಿ ಕಟ್ಟಿಕೊಂಡು ಕೂತದ್ದು ಯಾರಿಗೂ ಕಾಣಲಿಲ್ಲ. ಜೀಪಿನಲ್ಲಿ ಬಂದವರೊಬ್ಬರಿಗೆ ಒಂದು ಗಳಿಗೆ ಕಷ್ಟವಾದದ್ದೇ ಕಾಗದ, ಮೊಹರು, ಆದೇಶ ಎಲ್ಲ ಹೊರಟವು.

ಎಂಜಿನಿಯರು ಅದಕ್ಕೆ ಕೊಟ್ಟ ಜಾಗ ಹೋಟೆಲಿನ ಎದುರು. ಬಾಗಿಲು ನೇರವಾಗಿ ಹೋಟೆಲಿನ ಬೆಂಚಿನ ಕಡೆಗೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಬೆಂಚಿನ ಮೇಲೆ ಹತ್ತು ಗಂಡಸರು ಬೀಡಿ ಸೇದುತ್ತ ಕೂತಿರುತ್ತಿದ್ದರು. ಸುಣ್ಣದಲ್ಲಿ ಪಾಯದ ಗೆರೆ ಹಾಕಿಸಲು ನನ್ನನ್ನು ಕಳಿಸಿದರು. ಕಲ್ಲು ಕೆಲಸದ ಮೇಸ್ತ್ರಿ ವಯಸ್ಸಾದವನು. ಗೆರೆಯ ಮೇಲೆ ನಿಂತು ಹೋಟೆಲಿನ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದ.

“ಇದನ್ನ ಬರೆಯೋ ಮುಂಚೆ ಹೆಂಗಸ್ರನ್ನ ಕೇಳಿದ್ರೇನವ್ವ?”

“ಇಲ್ಲ.”

“ಕೇಳ್ಕಂಬಾ ಹೋಗು. ನಾನು ಕೂತಿರ್ತೀನಿ.”

ಆ ಚೌಕದ ಇಡೀ ಕೆಲಸದಲ್ಲಿ ಆ ಪ್ರಶ್ನೆ ಕೇಳಿದ ಗಂಡಸು ಅವನೊಬ್ಬನೇ. ನಾನು ಗೇಟಿನಾಚೆಗೆ ಹೋಗಿ ಬೆಣ್ಣೆಕ್ಕನನ್ನೂ ಹೂವಿನವಳನ್ನೂ ಕರೆತಂದೆ. ಬೆಣ್ಣೆಕ್ಕ ಆಸ್ಪತ್ರೆಯಿಂದ ಬಂದು ಹೆಚ್ಚು ದಿನವಾಗಿರಲಿಲ್ಲ, ಮೈ ಇಳಿದುಹೋಗಿತ್ತು. ಅವಳು ಮಂಟಪದ ಹಿಂದಿನ ಮೂಲೆಗೆ ಹೋಗಿ ನಿಂತಳು. “ಇಲ್ಲಿ ಕಟ್ಟು. ಬಾವಿ ಹತ್ರ ಇದೆ, ನೀರು ತರೋಕಾಗುತ್ತೆ. ಬಾಗ್ಲು ಕೋಟೆ ಗೋಡೆ ಕಡೆ ಇರ್ಲಿ. ಮೆಟ್ಲು ಮಾಡ್ಬೇಡ, ಮುದುಕೀರು ಹತ್ತಲ್ಲ. ಮುಂದೊಂದು ಮರೆ ಕಟ್ಟು.” ಮೇಸ್ತ್ರಿ ತಲೆಯಾಡಿಸಿದ. ನಾನು ಹೊಸ ನಕ್ಷೆ ಬರೆದೆ. ಎಂಜಿನಿಯರು ನೋಡಿ ಸಹಿ ಹಾಕಿದರು. ಮರೆಗೋಡೆಗೆ ಮೇಸ್ತ್ರಿ ಒಡೆದ ಬಾನಿಯ ಹೋಳುಗಳನ್ನೇ ಬಳಸಿದ.

ಕಟ್ಟಡ ಮುಗಿಯಿತು. ಮುಗಿದ ದಿನವೇ ಅದಕ್ಕೆ ಬೀಗ ಬಿತ್ತು. “ಗಲೀಜು ಮಾಡ್ತಾರೆ” ಎಂದರು. ಕೀಲಿಕೈ ಕಚೇರಿಯ ಗುಮಾಸ್ತರ ಮೇಜಿನ ಖಾನೆಯಲ್ಲಿ. ಬೇಕಾದವರು ಬಂದು ಕೇಳಿ ಪಡೆಯಬಹುದಂತೆ. ಯಾವ ಹೆಂಗಸು ಮೆಟ್ಟಿಲು ಹತ್ತಿ, ಆರು ಗಂಡಸರ ಮೇಜು ದಾಟಿ, ಗುಮಾಸ್ತರ ಮುಂದೆ ನಿಂತು ಆ ಕೀಲಿ ಕೇಳುತ್ತಾಳೆ? ಎರಡು ವಾರ ಯಾರೂ ಬರಲಿಲ್ಲ. “ನೋಡಿದ್ರಾ, ಬೇಕಾಗೇ ಇರ್ಲಿಲ್ಲ” ಎಂದು ಗುಮಾಸ್ತರು ನನಗೆ ಕೇಳುವಂತೆ ಹೇಳಿದರು. ನಾನು ಆ ದಿನ ಸಂಜೆ ಹೋಗಿ ಈ ಮಾತನ್ನು ಅಕ್ಷರ ಬಿಡದೆ ಬೆಣ್ಣೆಕ್ಕನಿಗೆ ಒಪ್ಪಿಸಿದೆ.

ಮುಂದಿನ ಸಂತೆಯ ದಿನ ಹತ್ತು ಗಂಟೆಗೆ ಅವಳು ಕಚೇರಿಯ ಮೆಟ್ಟಿಲು ಹತ್ತಿ ಬಂದಳು. ಗುಮಾಸ್ತರ ಮೇಜಿನ ಮುಂದೆ ನಿಂತು, ಚೌಕಕ್ಕೆಲ್ಲ ಕೇಳುವ ದನಿಯಲ್ಲಿ ಹೇಳಿದಳು:

“ಸ್ವಾಮಿ, ಉಚ್ಚೆ ಹುಯ್ಯಕ್ಕೆ ಹೋಗ್ಬೇಕು. ಕೀ ಕೊಡ್ರಿ.”

ಗುಮಾಸ್ತರು ತಲೆಯೆತ್ತದೆ ಖಾನೆ ಎಳೆದರು. ಕೀಲಿ ಕೊಟ್ಟರು. ಅವಳು ಹೋಗಿ ಬಂದು ಕೀಲಿ ಮರಳಿಸಿ ಮೆಟ್ಟಿಲಿಳಿದಳು. ಅಷ್ಟರಲ್ಲಿ ಹೂವಿನವಳು ಹತ್ತಿ ಬಂದಿದ್ದಳು. ಅದೇ ಮಾತು, ಅದೇ ದನಿ. ಅವಳ ಹಿಂದೆ ಸೊಪ್ಪಿನವಳು. ಅವಳ ಹಿಂದೆ ಮಡಕೆಯವಳು, ಅವಳ ಅತ್ತೆ. ಸಂತೆಗೆ ಬಂದ ಹಳ್ಳಿಯ ಹೆಂಗಸರು ವಿಷಯ ತಿಳಿದು ಸಾಲಾಗಿ ನಿಂತರು. ನಾನು ನನ್ನ ಮೇಜಿನ ಮೇಲೆ ಬಗ್ಗಿ ಗೆರೆ ಎಳೆಯುವವಳಂತೆ ನಟಿಸುತ್ತಿದ್ದೆ. ಒಂದು ಗೆರೆಯೂ ನೆಟ್ಟಗೆ ಬರಲಿಲ್ಲ. ಯಾವ ಪದವನ್ನು ನಾನು ಒಮ್ಮೆ ಅಂದದ್ದಕ್ಕೆ ವಿವರಣೆ ಬರೆದುಕೊಡಬೇಕಾಯಿತೋ, ಅದನ್ನು ಅವರೆಲ್ಲ ತಮ್ಮ ಮನೆಮಾತಿನಲ್ಲಿ, ಒಬ್ಬೊಬ್ಬರಾಗಿ, ಆ ಕಚೇರಿಯ ನಡುಮಧ್ಯೆ ನಿಂತು ಹೇಳಿದರು.

ಮಧ್ಯಾಹ್ನ ಮೂರರ ಹೊತ್ತಿಗೆ ಗುಮಾಸ್ತರೇ ಎದ್ದು ಹೋಗಿ ಕೀಲಿಯನ್ನು ಬೆಣ್ಣೆಕ್ಕನ ಕೈಗೆ ಕೊಟ್ಟರು. “ನೀವೇ ಇಟ್ಕಳಿ ತಾಯಿ. ನಮಗೆ ಬೇಡ.” ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮತ್ತೆ ಗೇಟಿನಾಚೆಗೆ ಹೋಗಲೂ ಇಲ್ಲ. “ಕೀ ಇಲ್ಲಿರ್ಬೇಕು ಅಂದ್ರೆ ನಾನೂ ಇಲ್ಲೇ ಇರ್ಬೇಕು” ಎಂದು ಅರಳಿಕಟ್ಟೆಯ ಮೇಲೆ ತನ್ನ ಹಳೆಯ ಜಾಗದಲ್ಲಿ ಮಡಕೆ ಇಟ್ಟಳು. ತಿಂಗಳೊಳಗೆ ಎಲ್ಲರೂ ಮರಳಿದರು. ಸರದಿ ಹಾಕಿಕೊಂಡು ದಿನಾ ಒಬ್ಬಳು ಬಾವಿಯಿಂದ ನೀರು ಸೇದಿ ತೊಳೆಯುತ್ತಿದ್ದಳು. ಆ ಕಟ್ಟಡದಲ್ಲಿ ಗಲೀಜು ಯಾವತ್ತೂ ಕಾಣಲಿಲ್ಲ. ಗಂಡಸರದರ ಮಾತು ಬೇಡ.

ಎಂಬತ್ತರ ದಶಕ ಬಂದಾಗ ಕಾರಂಜಿ ನಿಂತುಹೋಗಿತ್ತು, ಹುಲ್ಲು ಒಣಗಿತ್ತು. ಅದಕ್ಕಾಗಿ ನಾನು ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ. ಆದರೆ ಬೆಣ್ಣೆಕ್ಕನ ಮೈ ಮತ್ತೆ ಚೇತರಿಸಿಕೊಳ್ಳಲಿಲ್ಲ. ಈಗ ಬೇಕಾದಷ್ಟು ನೀರು ಕುಡಿಯುತ್ತಿದ್ದಳು. ಕುಡಿದರೂ ಕಾಲು ಊದುತ್ತಿತ್ತು, ಮುಖ ಊದುತ್ತಿತ್ತು. ಎರಡು ವರ್ಷವಾದ ಮೇಲೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಕೊನೆಯ ಸಲ ನೋಡಲು ಹೋದಾಗ ಅವಳು ನನ್ನ ಕೈ ಹಿಡಿದುಕೊಂಡು ಬಿಡಲಿಲ್ಲ.

ಸುದ್ದಿ ಬಂದ ವಾರ ಯಾವುದೋ ಫೈಲಿನ ನೆಪದಲ್ಲಿ ಅಧ್ಯಕ್ಷರು ಕಚೇರಿಗೆ ಬಂದಿದ್ದರು. ಜವಾನ ಅವರಿಗೆ ವಿಷಯ ಹೇಳಿದ. “ಪಾಪ. ವಯಸ್ಸಾಗಿತ್ತು ಬಿಡಿ” ಎಂದರು ಅವರು.

ನಾನು ಮೇಜು ಬಿಟ್ಟು ಎದ್ದು ಅವರ ಮುಂದೆ ಹೋಗಿ ನಿಂತೆ. “ವಯಸ್ಸಾಗಿರಲಿಲ್ಲ ಸಾರ್. ಅವಳು ನಮ್ಮಮ್ಮನಿಗಿಂತ ಎರಡು ವರ್ಷ ಚಿಕ್ಕವಳು. ನೀವು ಕಾರಂಜಿಯ ಬಣ್ಣ ಮಾತಾಡ್ತಾ ಇದ್ದಾಗ ಅವಳ ಮೂತ್ರಪಿಂಡ ಹಾಳಾಗ್ತಾ ಇತ್ತು. ನಾನು ಆ ದಿನ ನಿಮಗೆ ಹೇಳಿದ್ದೆ. ನೀವು ನಕ್ಕಿರಿ.”

ಅವರು ಕನ್ನಡಕ ತೆಗೆದು ಜುಬ್ಬದ ತುದಿಯಲ್ಲಿ ಒರೆಸಿಕೊಂಡರು. “ನಾನು ನಗಲಿಲ್ಲಮ್ಮ” ಎಂದರು. ಅದು ನಿಜವೂ ಇರಬಹುದು. ಆ ದಿನ ಅವರ ಮುಖ ನನಗೆ ಸರಿಯಾಗಿ ನೆನಪಿಲ್ಲ. ಆದರೆ ನಗುವವರನ್ನು ಅವರು ಸುಮ್ಮನಿರಿಸಲಿಲ್ಲ. ಅದು ನೆನಪಿದೆ.

“ಈಗ ಏನ್ ಮಾಡೋಣ ಹೇಳಿ” ಎಂದರು.

ಕಟ್ಟೆಯ ಹತ್ತಿರ ಕುಡಿಯುವ ನೀರಿಗೆ ಒಂದು ನಲ್ಲಿ ಬೇಕೆಂದು ಚೌಕದ ಹೆಂಗಸರು ಹೆಬ್ಬೆಟ್ಟು ಒತ್ತಿದ ಅರ್ಜಿ ಎರಡು ತಿಂಗಳಿಂದ ನನ್ನ ಡ್ರಾಯರಿನಲ್ಲಿತ್ತು. ಬೆಣ್ಣೆಕ್ಕನ ಹೆಬ್ಬೆಟ್ಟೂ ಅದರಲ್ಲಿತ್ತು. ಅದನ್ನು ತಂದು ಅವರ ಮುಂದೆ ಇಟ್ಟೆ. ಅವರು ಪೂರ್ತಿ ಓದಿ, ಕೆಳಗೆ ಶಿಫಾರಸು ಬರೆದು ಸಹಿ ಮಾಡಿದರು. ಬೇಸಿಗೆಗೆ ಮುಂಚೆ ನಲ್ಲಿ ಬಂತು. ಅಷ್ಟರಮಟ್ಟಿಗೆ ಅವರು ಮಾಡಿದರು, ಇಲ್ಲವೆನ್ನುವುದಿಲ್ಲ. ನಾನು ಅವರಿಗೆ ಧನ್ಯವಾದ ಹೇಳಲಿಲ್ಲ.